ಮೊದಲು ತಾರೀಖು, ಆಮೇಲೆ ಗುಳಿಗೆ: ಮುಟ್ಟು, ಗರ್ಭ ಮತ್ತು ಹಾರ್ಮೋನುಗಳ ಲೆಕ್ಕ

ಔಷಧ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕದಲ್ಲೇ ಇರುವ ನಾಲ್ಕು ಬಗೆಯ ಗುಳಿಗೆಗಳನ್ನು ನಮ್ಮ ಕಡೆಯ ಜನ ಒಂದರ ಬದಲು ಇನ್ನೊಂದನ್ನು ತಂದು ನುಂಗುತ್ತಾರೆ. ಜಾತ್ರೆಗೋ ಮದುವೆಗೋ ಮುಟ್ಟನ್ನು ಮುಂದೂಡುವ ಗುಳಿಗೆ ಒಂದು. ಗರ್ಭ ನಿಲ್ಲದಂತೆ ದಿನವೂ ತೆಗೆದುಕೊಳ್ಳುವುದು ಇನ್ನೊಂದು. ರಕ್ಷಣೆಯಿಲ್ಲದೆ ಕೂಡಿದಾಗ 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆ ಮೂರನೆಯದು. ಗರ್ಭ ನಿಂತ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ಗರ್ಭಪಾತದ ಗುಳಿಗೆ ನಾಲ್ಕನೆಯದು. ಇವುಗಳ ಕೆಲಸ ಬೇರೆ, ಸಮಯ ಬೇರೆ, ಅಪಾಯವೂ ಬೇರೆ. ಅತ್ತಿಗೆಗೆ ವೈದ್ಯರು ಬರೆದುಕೊಟ್ಟದ್ದನ್ನು ನಾದಿನಿ ನುಂಗಿ, ಎರಡು ತಿಂಗಳ ನಂತರ ಹೊಟ್ಟೆ ನೋವು, ವಿಪರೀತ ರಕ್ತಸ್ರಾವ ಎಂದು ಆಸ್ಪತ್ರೆಗೆ ಬರುವುದು ಇವತ್ತಿಗೂ ನಿಂತಿಲ್ಲ.

ಕುಟುಂಬ ಯೋಜನೆಯ ಸಮಾಲೋಚನೆಯಲ್ಲಿ ಎದುರಿಗೆ ಕುಳಿತವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಳೆದ ಸಲ ಮುಟ್ಟಾದ ತಾರೀಖು ಯಾವುದು, ತಂಗಿ?" ಹೆಚ್ಚಿನವರು ಅಮಾವಾಸ್ಯೆ, ಹುಣ್ಣಿಮೆ, ಸಂತೆಯ ದಿನಗಳನ್ನು ನೆನೆದು ಉತ್ತರ ಹುಡುಕುತ್ತಾರೆ. ಆ ತಾರೀಖು ಗೊತ್ತಿದ್ದರೆ ಉಳಿದ ಅರ್ಧ ಸಮಸ್ಯೆಗೆ ದಾರಿ ಕಾಣುತ್ತದೆ. ಮಗು ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು, ಮೊಬೈಲ್ ಆ್ಯಪ್ ಇದ್ದರೂ ಸರಿ. ರಕ್ತಸ್ರಾವ ಸರಿಯಾಗಿ ಶುರುವಾದ ದಿನಕ್ಕೆ ಒಂದು ಸುತ್ತು ಹಾಕಿ. ಅದು 1ನೇ ದಿನ. ಬರೀ ಕಲೆ ಕಂಡ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ರಾವ ನಿಂತ ದಿನಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಒಂದು ಸುತ್ತಿನಿಂದ ಮುಂದಿನ ಸುತ್ತಿನ ಹಿಂದಿನ ದಿನದವರೆಗೆ ಎಣಿಸಿದರೆ ನಿಮ್ಮ ಚಕ್ರದ ಉದ್ದ ಸಿಗುತ್ತದೆ. ಅದು 28 ದಿನವೇ ಇರಬೇಕೆಂದಿಲ್ಲ, 21ರಿಂದ 35 ದಿನಗಳ ನಡುವೆ ಇದ್ದರೆ ಸಹಜ. ಆರು ತಿಂಗಳು ಹೀಗೆ ಬರೆದಿಟ್ಟ ಕ್ಯಾಲೆಂಡರ್ ಹಾಳೆಗಳನ್ನು ವೈದ್ಯರ ಮೇಜಿನ ಮೇಲೆ ಇಟ್ಟರೆ, ಅರ್ಧ ತಾಸು ವಿವರಿಸಿ ಹೇಳುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಅತ್ತೆ, ಮಾವ, ಮಕ್ಕಳು ಎಲ್ಲರೂ ನೋಡುವ ಕ್ಯಾಲೆಂಡರಿನಲ್ಲಿ ಬರೆಯಲು ಸಂಕೋಚವಾದರೆ ಒಂದು ಚುಕ್ಕೆ ಇಟ್ಟರೂ ಆಯಿತು. ನಿಮಗೆ ತಿಳಿದರೆ ಸಾಕು.

ಒಳಗೆ ನಡೆಯುವುದನ್ನು ಒಮ್ಮೆ ಮನಸ್ಸಿಟ್ಟು ತಿಳಿಯಿರಿ

ಈ ಭಾಗವನ್ನು ಓದದೆ ಮುಂದಕ್ಕೆ ಹೋಗಬೇಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಮಿಡಿತದಂತೆ ಸುರಿಸುತ್ತದೆ. ಅದರ ಕೆಳಗೆ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ಈ ಸೂಚನೆ ಪಡೆದು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮುಟ್ಟಿನ ಮೊದಲ ದಿನಗಳಲ್ಲಿ ಎಫ್‌ಎಸ್‌ಎಚ್ ಅಂಡಾಶಯದ ಕೆಲವು ಅಂಡಕೋಶಗಳನ್ನು ಬೆಳೆಸುತ್ತದೆ. ಅವುಗಳಲ್ಲಿ ಒಂದು ಮುಂದಾಗಿ ಬೆಳೆದು ಈಸ್ಟ್ರೋಜನ್ ಸುರಿಸತೊಡಗುತ್ತದೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ, ಗರ್ಭಕಂಠದ ಲೋಳೆಯನ್ನು ಹಸಿ ಮೊಟ್ಟೆಯ ಬಿಳಿಭಾಗದಂತೆ ತೆಳ್ಳಗೆ, ಎಳೆಯೆಳೆಯಾಗಿ ಮಾಡುತ್ತದೆ. ವೀರ್ಯಾಣುಗಳು ಈಜಿ ಒಳಗೆ ಹೋಗಲು ಆ ಲೋಳೆ ಬೇಕು.

ಈಸ್ಟ್ರೋಜನ್ ಹೆಚ್ಚಾದಂತೆ ಪಿಟ್ಯುಟರಿ ಎಫ್‌ಎಸ್‌ಎಚ್ ಅನ್ನು ಕಡಿಮೆ ಮಾಡುತ್ತದೆ. ನಲ್ಲಿ ನೀರು ಬಂದ ದಿನ ಮನೆಯ ತೊಟ್ಟಿ ತುಂಬಿದಂತೆ ಫ್ಲೋಟ್ ಮೇಲೆದ್ದು ನೀರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಹುಬ್ಬಳ್ಳಿ-ಧಾರವಾಡದವರಿಗೆ ಚೆನ್ನಾಗಿ ಗೊತ್ತು, ಇಲ್ಲಿಯೂ ಹಾಗೆಯೇ. ಆದರೆ ತಿಂಗಳಿಗೊಮ್ಮೆ ಈ ನಿಯಮ ತಿರುಗಿ ನಿಲ್ಲುತ್ತದೆ. ಈಸ್ಟ್ರೋಜನ್ ಸುಮಾರು ಎರಡು ದಿನ ಎತ್ತರದ ಮಟ್ಟದಲ್ಲೇ ಉಳಿದರೆ, ತಡೆಯಬೇಕಾದ ಪಿಟ್ಯುಟರಿ ಎಲ್‌ಎಚ್ ಅನ್ನು ಒಮ್ಮೆಲೆ ಹರಿಯಬಿಡುತ್ತದೆ. ಆ ಏರಿಕೆ ಶುರುವಾದ ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ. ಮನುಷ್ಯರ ಸಂತಾನದ ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಅಚ್ಚರಿ ತರುವುದು ಈ ಗಳಿಗೆ. ಗರ್ಭ ತಡೆಯುವ ಹಾರ್ಮೋನು ಗುಳಿಗೆಗಳಲ್ಲಿ ಬಹಳಷ್ಟು ಕೈ ಹಾಕುವುದೂ ಇಲ್ಲಿಗೇ.

ಅಂಡಾಣು ಹೊರಬಿದ್ದ ಖಾಲಿ ಕೋಶ ಹಳದಿ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ತಯಾರಿಸುತ್ತದೆ. ಗರ್ಭಕೋಶದ ಪದರವನ್ನು ಗರ್ಭ ನಿಲ್ಲಲು ಹದಗೊಳಿಸುವುದು, ಗರ್ಭಕಂಠದ ಲೋಳೆಯನ್ನು ಗಟ್ಟಿ ಮಾಡುವುದು, ಮೈಯ ಬಿಸಿಯನ್ನು ಅರ್ಧ ಡಿಗ್ರಿಯಷ್ಟು ಏರಿಸುವುದು ಇದರ ಕೆಲಸ. ಗರ್ಭ ಕಟ್ಟದಿದ್ದರೆ ಸುಮಾರು 14 ದಿನಗಳಲ್ಲಿ ಆ ಹಳದಿ ಗಂಟು ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿ ಮುಟ್ಟಾಗುತ್ತದೆ. ಗರ್ಭ ಕಟ್ಟಿದರೆ ಭ್ರೂಣದ ಕಡೆಯಿಂದ ಎಚ್‌ಸಿಜಿ ಎಂಬ ಹಾರ್ಮೋನು ಬಂದು ಹಳದಿ ಗಂಟು ಬಾಡದಂತೆ ಕಾಯುತ್ತದೆ. ಆಶಾ ಕಾರ್ಯಕರ್ತೆ ಕೊಡುವ 'ನಿಶ್ಚಯ್' ಕಿಟ್‌ನಲ್ಲಿ ಎರಡು ಗೆರೆ ಮೂಡುವುದು ಮೂತ್ರದಲ್ಲಿರುವ ಈ ಎಚ್‌ಸಿಜಿಯಿಂದ. ಮುಟ್ಟು ತಪ್ಪುವ ಮೊದಲೇ ಪರೀಕ್ಷೆ ಮಾಡಿ ಒಂದೇ ಗೆರೆ ಬಂತೆಂದು ನಿಶ್ಚಿಂತರಾಗಬೇಡಿ. ಮುಟ್ಟು ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಆಗಲೂ ಒಂದೇ ಗೆರೆಯಿದ್ದು ಮುಟ್ಟು ಬಾರದಿದ್ದರೆ ವಾರದ ನಂತರ ಮತ್ತೊಮ್ಮೆ ಮಾಡಿ.

ಗರ್ಭ ನಿಲ್ಲುವ ದಿನಗಳನ್ನು ಹುಡುಕಿ

ಅಂಡಾಣುವಿನ ಆಯುಷ್ಯ 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಬದುಕಬಲ್ಲದು. ಆದ್ದರಿಂದ ಅಂಡಾಣು ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ ಸೇರಿ ಆರು ದಿನ ಗರ್ಭ ನಿಲ್ಲುವ ದಿನಗಳು. "14ನೇ ದಿನ ಅಂಡ ಬಿಡುಗಡೆ" ಎಂದು ಶಾಲೆಯಲ್ಲಿ ಕಲಿತದ್ದು 28 ದಿನದ ಚಕ್ರಕ್ಕೆ ಮಾತ್ರ ಹೊಂದುತ್ತದೆ. ಎರಡನೇ ಅರ್ಧದ 14 ದಿನ ಹೆಚ್ಚುಕಡಿಮೆ ಸ್ಥಿರ, ಏರುಪೇರಾಗುವುದು ಮೊದಲ ಅರ್ಧ. ಹಾಗಾಗಿ ಹಿಂದಿನಿಂದ ಎಣಿಸಬೇಕು. 30 ದಿನದ ಚಕ್ರದವರಿಗೆ 16ನೇ ದಿನದ ಸುಮಾರಿಗೆ, 24 ದಿನದ ಚಕ್ರದವರಿಗೆ 10ನೇ ದಿನದ ಸುಮಾರಿಗೆ ಅಂಡಾಣು ಬರುತ್ತದೆ. 24 ದಿನದ ಚಕ್ರದವರು ಮುಟ್ಟು ನಿಂತ ಮರುದಿನ, ಅಂದರೆ 6ನೇ ದಿನ ಕೂಡಿದರೂ ಗರ್ಭ ನಿಲ್ಲಬಹುದು. "ಮುಟ್ಟಾಗಿ ವಾರ ಆಗಿಲ್ಲ, ಏನೂ ಆಗುವುದಿಲ್ಲ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಸುಳ್ಳಾಗಿದೆ.

ಆರು ತಿಂಗಳ ಗುರುತಿನಲ್ಲಿ ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅತಿ ಉದ್ದದ ಚಕ್ರದಿಂದ 11 ಕಳೆಯಿರಿ. ಚಿಕ್ಕದು 27, ಉದ್ದದ್ದು 31 ಎಂದಿಟ್ಟುಕೊಂಡರೆ 9ನೇ ದಿನದಿಂದ 20ನೇ ದಿನದವರೆಗೆ ಗರ್ಭ ನಿಲ್ಲುವ ಸಂಭವವಿದೆ. ಮಗು ಬೇಕೆನ್ನುವವರು ಈ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು. ಮಗು ಬೇಡವೆನ್ನುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜ್ವರ, ಪ್ರಯಾಣ, ಬಿಸಿಲಿನಲ್ಲಿ ದುಡಿದ ದಣಿವು, ಮನಸ್ಸಿನ ನೋವು ಯಾವುದಾದರೂ ಮೊದಲ ಅರ್ಧವನ್ನು ಹಿಂದೆಮುಂದೆ ಮಾಡಬಹುದು.

ಜಾತ್ರೆಗೆ ಮುಟ್ಟು ಮುಂದೂಡುವ ಮುನ್ನ

ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆ, ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ, ಮನೆಯ ಮದುವೆ, ಗೃಹಪ್ರವೇಶ: ಇಂಥ ಹೊತ್ತಿನಲ್ಲಿ ಈ ಗುಳಿಗೆಗೆ ಬೇಡಿಕೆ ಏರುತ್ತದೆ. ಸಾಮಾನ್ಯವಾಗಿ ಕೊಡುವುದು ನಾರೆತಿಸ್ಟೆರಾನ್ 5 ಮಿಲಿಗ್ರಾಂ. ಇದು ಪ್ರೊಜೆಸ್ಟರಾನ್ ಮಾದರಿಯ ಹಾರ್ಮೋನು. ದೇಹದ ಪ್ರೊಜೆಸ್ಟರಾನ್ ಇಳಿಯುವ ಹೊತ್ತಿಗೆ ಹೊರಗಿನಿಂದ ಇದು ಸಿಗುವುದರಿಂದ ಗರ್ಭಕೋಶದ ಪದರ ಕಳಚುವುದಿಲ್ಲ. ಹಾಗಾಗಿ ನಿರೀಕ್ಷಿತ ತಾರೀಖಿಗೆ ಮೂರು ದಿನ ಮೊದಲೇ, ವೈದ್ಯರು ಹೇಳಿದಂತೆ ದಿನಕ್ಕೆ ಮೂರು ಹೊತ್ತು ಶುರುಮಾಡಬೇಕು. ಕಾರ್ಯಕ್ರಮದ ಹಿಂದಿನ ರಾತ್ರಿ ಸ್ರಾವ ಕಂಡ ಮೇಲೆ ಓಡಿಹೋಗಿ ತಂದು ನುಂಗಿದರೆ ಉಪಯೋಗವಿಲ್ಲ. ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಆಗದಿದ್ದರೆ ಗರ್ಭದ ಪರೀಕ್ಷೆ ಮಾಡಿಸಿ, ಏಕೆಂದರೆ ಈ ಗುಳಿಗೆ ಹೀಗೆ ತೆಗೆದುಕೊಂಡಾಗ ಗರ್ಭ ತಡೆಯುತ್ತದೆಂದು ನಂಬುವಂತಿಲ್ಲ.

ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇರುವವರು, ಯಕೃತ್ತಿನ ಕಾಯಿಲೆಯವರು, ಸ್ತನ ಕ್ಯಾನ್ಸರ್ ಆದವರು, ಗರ್ಭ ನಿಂತಿರಬಹುದೆಂಬ ಅನುಮಾನ ಇರುವವರು ಇದನ್ನು ಮುಟ್ಟಬಾರದು. ನಾರೆತಿಸ್ಟೆರಾನ್‌ನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಆದ್ದರಿಂದ "ಒಂದು ವಾರದ ಗುಳಿಗೆ ತಾನೆ" ಎಂಬ ಸಲೀಸು ಬೇಡ.

ಒಂದು ಮಾತು ಹೇಳದೆ ಇರಲಾರೆ. ಮೈನೆರೆದು ವರ್ಷ ತುಂಬದ ಹುಡುಗಿಯರಿಗೂ ಪೂಜೆಗೆಂದು ಈ ಗುಳಿಗೆ ಕೊಡುವ ಮನೆಗಳಿವೆ. ಮುಟ್ಟಿನ ಸೂತಕವನ್ನು, ಅಂದರೆ ರಜಸ್ಸೂತಕವನ್ನು, ಶರಣರು 12ನೇ ಶತಮಾನದಲ್ಲೇ ಪಂಚಸೂತಕಗಳ ಉಳಿದ ನಾಲ್ಕರ ಜೊತೆಗೆ ತಳ್ಳಿಹಾಕಿದರು. ಆ ಪರಂಪರೆ ಉಸಿರಾಡುವ ಈ ನೆಲದಲ್ಲಿ ಒಂದು ಎಳೆಯ ದೇಹದ ಲಯವನ್ನು ದೇವರ ಹೆಸರಿನಲ್ಲಿ ಕದಡುವುದು ನನಗೆ ನೋವು ತರುತ್ತದೆ. ನಂಬಿಕೆ ನಿಮ್ಮದು, ಗೌರವಿಸುತ್ತೇನೆ. ಆದರೆ ಹುಡುಗಿಗೆ ಹಾರ್ಮೋನು ಕೊಡುವ ಮೊದಲು ವೈದ್ಯರನ್ನು ಕೇಳಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ಹದಿಹರೆಯದವರ ಜೊತೆ ಇದನ್ನೆಲ್ಲ ಮಾತನಾಡುವವರಿದ್ದಾರೆ.

ಮಗು ಸದ್ಯಕ್ಕೆ ಬೇಡವೆಂದಾದರೆ

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು, 1952ರಲ್ಲಿ ದೇಶ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಆದರೂ ಕರ್ನಾಟಕದಲ್ಲಿ ಇಂದಿಗೂ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ದಾರಿ ಒಂದೇ: ಎರಡು ಹೆತ್ತು ಆಪರೇಷನ್ ಮಾಡಿಸಿಕೊಳ್ಳುವುದು. ನಡುವೆ ಅಂತರ ಕೊಡುವ ವಿಧಾನಗಳು ಉಪಕೇಂದ್ರದವರೆಗೂ ಬಂದಿವೆ, ಉಚಿತವಾಗಿ. ಕೇಳುವವರು ಕಡಿಮೆ.

ದಿನವೂ ನುಂಗುವ ಗರ್ಭನಿರೋಧಕ ಗುಳಿಗೆಯಾದ ಮಾಲಾ-ಎನ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಟ್ಟು 28 ಗುಳಿಗೆಗಳಲ್ಲಿ 21 ಬಿಳಿ, 7 ಕಂದು. ಬಿಳಿಯದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಮಾದರಿಯ ಎರಡು ಹಾರ್ಮೋನುಗಳಿವೆ, ಕಂದು ಗುಳಿಗೆ ಬರೀ ಕಬ್ಬಿಣಾಂಶ. ದಿನವೂ ಬಿಳಿ ಗುಳಿಗೆ ನುಂಗಿದಾಗ, ಹಾರ್ಮೋನು ಸಾಕಷ್ಟಿದೆ ಎಂದು ತಿಳಿದ ಪಿಟ್ಯುಟರಿ ಸುಮ್ಮನಾಗುತ್ತದೆ. ಎಲ್‌ಎಚ್ ಏರಿಕೆ ಇಲ್ಲ, ಅಂಡಾಣುವೂ ಇಲ್ಲ. ಕಂದು ಗುಳಿಗೆಯ ದಿನಗಳಲ್ಲಿ ಆಗುವ ಸ್ರಾವ ಹಾರ್ಮೋನು ನಿಂತದ್ದರಿಂದ ಆಗುವುದು, ಸ್ವಲ್ಪವೇ ಇದ್ದರೂ ಹೆದರಬೇಕಿಲ್ಲ. ಮುಟ್ಟಾದ ಐದು ದಿನದೊಳಗೆ ಶುರುಮಾಡಿ, ಊಟವಾದ ಮೇಲೆ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ನುಂಗಿ. ಎರಡು ಅಥವಾ ಹೆಚ್ಚು ಬಿಳಿ ಗುಳಿಗೆ ತಪ್ಪಿದರೆ ಒಂದನ್ನು ಕೂಡಲೇ ತೆಗೆದುಕೊಂಡು ಮುಂದುವರಿಸಿ, ಮುಂದಿನ ಏಳು ದಿನ ನಿರೋಧ್ ಬಳಸಿ. ತಪ್ಪಿದ್ದು ಮೂರನೇ ವಾರದಲ್ಲಿ ಆಗಿದ್ದರೆ ಕಂದು ಗುಳಿಗೆಗಳನ್ನು ಬಿಟ್ಟು, ಬಿಳಿ ಮುಗಿದ ಮರುದಿನವೇ ಹೊಸ ಪಟ್ಟಿ ಶುರುಮಾಡಿ.

ಈ ಗುಳಿಗೆ ಯಾರಿಗೆ ಬೇಡ ಎಂಬುದೂ ಅಷ್ಟೇ ಮುಖ್ಯ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, ಕಣ್ಣೆದುರು ಮಿಂಚು ಅಥವಾ ಅಂಕುಡೊಂಕು ಗೆರೆಗಳು ಕಂಡು ಆಮೇಲೆ ತಲೆನೋವು ಬರುವ ಮೈಗ್ರೇನ್ ಇರುವವರು, 35 ದಾಟಿ ಬೀಡಿ ಸಿಗರೇಟು ಸೇದುವವರು, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆಯವರು, ಕಾಮಾಲೆ ಇರುವವರು, ಮೊಲೆಹಾಲು ಕುಡಿಯುವ ಮಗುವಿಗೆ ಇನ್ನೂ ಆರು ತಿಂಗಳು ತುಂಬದವರು ಇದನ್ನು ತೆಗೆದುಕೊಳ್ಳಬಾರದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ಆ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಗುಳಿಗೆ ನುಂಗುತ್ತಿರುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು, ಹಿಂದೆಂದೂ ಕಾಣದ ತಲೆನೋವು, ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಇದರಲ್ಲಿ ಈಸ್ಟ್ರೋಜನ್ ಇಲ್ಲ, ಮೆಡ್ರಾಕ್ಸಿಪ್ರೊಜೆಸ್ಟರಾನ್ ಮಾತ್ರ ಇದೆ. ಹಾಲುಣಿಸುವ ತಾಯಂದಿರು ಹೆರಿಗೆಯಾದ ಆರು ವಾರದ ನಂತರ ತೆಗೆದುಕೊಳ್ಳಬಹುದು. ಕೊಟ್ಟ ಜಾಗವನ್ನು ತಿಕ್ಕಬಾರದು, ಬಿಸಿನೀರಿನ ಶಾಖವನ್ನೂ ಕೊಡಬಾರದು. ಮೊದಲ ತಿಂಗಳುಗಳಲ್ಲಿ ಅಕಾಲ ಸ್ರಾವ, ಕಲೆ ಕಾಣುವುದು ಸಾಮಾನ್ಯ; ವರ್ಷದ ಹೊತ್ತಿಗೆ ಬಹಳ ಮಂದಿಗೆ ಮುಟ್ಟೇ ನಿಲ್ಲುತ್ತದೆ. "ಕೆಟ್ಟ ರಕ್ತ ಒಳಗೇ ಉಳಿಯಿತು" ಎಂದು ಹಿರಿಯರು ಆತಂಕಪಡುತ್ತಾರೆ. ಹಾರ್ಮೋನಿನಿಂದ ಗರ್ಭಕೋಶದ ಪದರ ತೆಳ್ಳಗೇ ಉಳಿದಿರುತ್ತದೆ, ಹೊರಬೀಳಲು ಒಳಗೆ ಏನೂ ಇರುವುದಿಲ್ಲ. ಚುಚ್ಚುಮದ್ದು ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಬರುವ ವರ್ಷವೇ ಮಗು ಬೇಕೆನ್ನುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಗದಗ, ಹಾವೇರಿಯ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿಗೆ ಅಂತರಾ ತಪ್ಪುವುದು ಇಲ್ಲೇ. ಚುಚ್ಚುಮದ್ದಿನ ತಾರೀಖು ಕಟ್ಟಡದ ಕೆಲಸದ ನಡುವೆ ಕಳೆದುಹೋಗುತ್ತದೆ. ಹೇಳಿದ ತಾರೀಖಿಗಿಂತ ಎರಡು ವಾರ ಮೊದಲೂ ಕೊಡಿಸಿಕೊಳ್ಳಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಹೊರಡುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕಂಡು ಲೆಕ್ಕ ಹಾಕಿ. ಅಂತರಾ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯವರಿಗೆ ಯಾವ ಔಷಧ, ಯಾವಾಗ ಕೊಟ್ಟದ್ದು ಎಂದು ಅದನ್ನು ನೋಡಿದರೆ ತಿಳಿಯುತ್ತದೆ.

ಛಾಯಾ ಗುಳಿಗೆಯಲ್ಲಿ ಹಾರ್ಮೋನು ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಔಷಧ ಇದು, ಈಸ್ಟ್ರೋಜನ್ ಗರ್ಭಕೋಶದಲ್ಲಿ ಮಾಡುವ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಭಾನುವಾರ ಶುರುವಾದರೆ ಭಾನುವಾರ ಮತ್ತು ಬುಧವಾರ. ಮೂರು ತಿಂಗಳಾದ ಮೇಲೆ ಭಾನುವಾರ ಮಾತ್ರ. ಮುಟ್ಟಿನ ಅಂತರ ಹಿಗ್ಗುವುದು ಇದರ ಗುಣ, ಆದರೆ 15 ದಿನ ದಾಟಿ ತಡವಾದರೆ ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಾಗಿ ಮುಟ್ಟು ಏರುಪೇರಾಗುವ ಪಿಸಿಒಡಿ (ಪಿಸಿಒಎಸ್ ಎಂದೂ ಹೇಳುತ್ತಾರೆ) ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಇದು ಬೇಡ.

ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನವಾದ ಕಾಪರ್-ಟಿಯಲ್ಲೂ ಹಾರ್ಮೋನು ಇಲ್ಲ. 380ಎ ಮಾದರಿ ಹತ್ತು ವರ್ಷ ಕೆಲಸ ಮಾಡುತ್ತದೆ, ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಿಕೊಳ್ಳಬಹುದು. ಆಪರೇಷನ್ ವಿಷಯದಲ್ಲಿ ಒಂದು ಭಯವನ್ನು ತೆಗೆದುಹಾಕಬೇಕು. ಹೆಂಗಸರ ಆಪರೇಷನ್‌ನಲ್ಲಿ ಕಟ್ಟುವುದು ಅಂಡನಾಳವನ್ನು. ಅಂಡಾಶಯ ಮೊದಲಿನಂತೆಯೇ ಹಾರ್ಮೋನು ತಯಾರಿಸುತ್ತದೆ, ಮುಟ್ಟೂ ಬರುತ್ತದೆ. ಗಂಡಸರ ಆಪರೇಷನ್‌ನಲ್ಲಿ ವೀರ್ಯನಾಳ ಮಾತ್ರ ತುಂಡಾಗುತ್ತದೆ, ಟೆಸ್ಟೊಸ್ಟಿರಾನ್ ರಕ್ತಕ್ಕೆ ನೇರವಾಗಿ ಸೇರುವುದರಿಂದ ಗಂಡಸುತನಕ್ಕೆ, ಹೊಲದ ದುಡಿಮೆಗೆ ಯಾವ ಕುಂದೂ ಇಲ್ಲ. ಹೊಲಿಗೆಯಿಲ್ಲದ ಈ ಸಣ್ಣ ಚಿಕಿತ್ಸೆ ಹೆಂಗಸರದ್ದಕ್ಕಿಂತ ಸುರಕ್ಷಿತ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲೆ ನಿಶ್ಚಿಂತೆ. ಗಂಡಸರು ಇದಕ್ಕೆ ಮುಂದೆ ಬರಲೇಬೇಕೆಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ತುರ್ತು ಗುಳಿಗೆ ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ಎಲ್‌ಎಚ್ ಏರಿಕೆಯನ್ನು ತಡೆದು ಅಂಡಾಣು ಬಿಡುಗಡೆಯನ್ನು ಮುಂದೂಡುವುದೇ ಇದರ ಕೆಲಸ. ಏರಿಕೆ ಆಗಲೇ ಶುರುವಾಗಿದ್ದರೆ ಫಲ ಕಡಿಮೆ. ಹಾಗಾಗಿ 72 ಗಂಟೆ ಇದೆಯೆಂದು ಕಾಯದೆ, ಸಾಧ್ಯವಾದಷ್ಟು ಬೇಗ ನುಂಗಿ. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ, ಮುಂದಿನ ದಿನಗಳಿಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಎಲ್ಲ ದಾಟಿ ಗರ್ಭ ನಿಂತಿದ್ದರೆ ಅಂಗಡಿಯಿಂದ ಗರ್ಭಪಾತದ ಕಿಟ್ ತಂದು ಮನೆಯಲ್ಲಿ ನುಂಗುವ ಸಾಹಸ ಬೇಡ; ಗರ್ಭ ಅಂಡನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಕುತ್ತು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಳಸಿದ ವಿಧಾನ ವಿಫಲವಾಗಿ ನಿಂತ ಗರ್ಭವನ್ನು 20 ವಾರದೊಳಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಬಹುದು. ಇದಕ್ಕೆ ಮದುವೆಯಾಗಿರಬೇಕೆಂಬ ಷರತ್ತಿಲ್ಲ, ಹೆಸರು ಗುಟ್ಟಾಗಿ ಇಡುವುದು ಕಾನೂನಿನ ಹೊಣೆ. ಗುಳಿಗೆಯಿಂದ ಆಗುವುದು ಒಂಬತ್ತು ವಾರದೊಳಗೆ ಮಾತ್ರ.

ಬಾಣಂತಿ ತವರಿನಿಂದ ಹೊರಡುವ ಮುನ್ನ

ಮಗು ಮೊಲೆ ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಏರಿ ಹಾಲು ತಯಾರಾಗುತ್ತದೆ, ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತದೆ. ಚೀಪುವಿಕೆಯೇ ಮಿದುಳಿನ ಜಿಎನ್‌ಆರ್‌ಎಚ್ ಮಿಡಿತವನ್ನೂ ಅಡಗಿಸುವುದರಿಂದ ಅಂಡಾಣು ಹೊರಬರುವುದಿಲ್ಲ. ಮೂರು ಷರತ್ತು ಒಟ್ಟಿಗೆ ಇದ್ದರೆ ಈ ರಕ್ಷಣೆ 98 ಪ್ರತಿಶತದಷ್ಟು ಗಟ್ಟಿ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಮೊಲೆಹಾಲು ಬಿಟ್ಟು ಬೇರೇನನ್ನೂ ಕೊಡುತ್ತಿರಬಾರದು. ಹಗಲು ನಾಲ್ಕು ತಾಸು, ರಾತ್ರಿ ಆರು ತಾಸು ಮೀರಿ ಬಿಡುವು ಆಗಬಾರದು. ಗುಟ್ಟಿ, ಜೇನು, ನೀರು, ಆಕಳ ಹಾಲು ಶುರುವಾದ ಮನೆಯಲ್ಲಿ ಈ ಲೆಕ್ಕ ಮುರಿಯಿತೆಂದೇ ತಿಳಿಯಿರಿ. ಹಾಲೇ ಕುಡಿಸದವರಿಗೆ ನಾಲ್ಕನೇ ವಾರದ ಹೊತ್ತಿಗೇ ಅಂಡಾಣು ಬರಬಹುದು. ಮೊದಲ ಮುಟ್ಟಿಗಿಂತ ಮೊದಲೇ ಅಂಡಾಣು ಬಂದಿರಬಹುದು. ಮುಟ್ಟಾಗದೆಯೇ ಮತ್ತೆ ಬಸುರಾದವರು ಇದರಿಂದಲೇ. ಮೂರನೇ ಅಥವಾ ಐದನೇ ತಿಂಗಳಲ್ಲಿ ಗಂಡನ ಮನೆಗೆ ಕಳುಹಿಸುವಾಗ ತೊಟ್ಟಿಲು, ಕುಬುಸದ ಜೊತೆಗೆ ಇದನ್ನೂ ತಾಯಿ ಮಗಳು ಕೂತು ಮಾತಾಡಿ ನಿರ್ಧರಿಸಿಬಿಡಬೇಕು.

ಮಗು ಬೇಕು, ಆಗುತ್ತಿಲ್ಲವೆಂದಾದರೆ

ರಕ್ಷಣೆಯಿಲ್ಲದೆ ಒಂದು ವರ್ಷ ಕೂಡಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಇಬ್ಬರೂ ಹೋಗಿ. ಮೊದಲ ಪರೀಕ್ಷೆ ಗಂಡನ ವೀರ್ಯದ್ದಾಗಲಿ. ಅಗ್ಗ, ನೋವಿಲ್ಲ, ಎರಡರಿಂದ ಏಳು ದಿನ ಕೂಡದೆ ಇದ್ದು ಮಾಡಿಸಿದರೆ ಆಯಿತು. ಹೆಂಡತಿಯೊಬ್ಬಳನ್ನೇ ಗುಡಿ, ಗುರು, ಸ್ಕ್ಯಾನಿಂಗ್ ಎಂದು ತಿರುಗಿಸಿ, ನಾಲ್ಕು ವರ್ಷ ಕಳೆದ ಮೇಲೆ ಗಂಡನ ವೀರ್ಯಾಣು ಕಡಿಮೆ ಎಂದು ತಿಳಿಯುವ ಸಂಸಾರಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಗಂಡಸಿನಲ್ಲೂ ಅದೇ ಎರಡು ಹಾರ್ಮೋನುಗಳ ಆಳ್ವಿಕೆ. ಎಲ್‌ಎಚ್ ವೃಷಣದಲ್ಲಿ ಟೆಸ್ಟೊಸ್ಟಿರಾನ್ ತಯಾರಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತದೆ. ಒಂದು ವೀರ್ಯಾಣು ತಯಾರಾಗಲು ಎಪ್ಪತ್ತು ದಿನಕ್ಕೂ ಹೆಚ್ಚು ಬೇಕು, ಆದ್ದರಿಂದ ತಂಬಾಕು, ಗುಟ್ಕಾ, ಸಾರಾಯಿ ಬಿಟ್ಟ ಫಲ ಮೂರು ತಿಂಗಳ ನಂತರ ಕಾಣುತ್ತದೆ. ಜಿಮ್‌ನಲ್ಲಿ ಮೈಕಟ್ಟಿಗೆಂದು ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಳ್ಳುವ ಹುಡುಗರು ಕೇಳಿ: ಹೊರಗಿನಿಂದ ಅದು ಬಂದಾಗ ಪಿಟ್ಯುಟರಿ ಎರಡೂ ಹಾರ್ಮೋನುಗಳನ್ನು ನಿಲ್ಲಿಸುತ್ತದೆ, ವೀರ್ಯಾಣು ಪೂರ್ತಿ ಇಲ್ಲವಾಗಬಹುದು.

ಹೆಂಡತಿಯ ರಕ್ತ ಪರೀಕ್ಷೆಗಳಿಗೆ ದಿನ ಮುಖ್ಯ. ಎಫ್‌ಎಸ್‌ಎಚ್, ಎಲ್‌ಎಚ್ ಅನ್ನು ಮುಟ್ಟಿನ 2ನೇ ಅಥವಾ 3ನೇ ದಿನ ನೋಡಬೇಕು. ಥೈರಾಯ್ಡ್‌ನ ಟಿಎಸ್‌ಎಚ್, ಅಂಡಾಣುಗಳ ಸಂಗ್ರಹ ತಿಳಿಸುವ ಎಎಂಎಚ್ ಯಾವ ದಿನವಾದರೂ ಆದೀತು. ಪ್ರೊಜೆಸ್ಟರಾನ್ ಮಾತ್ರ ಎಡವಟ್ಟಾಗುವ ಪರೀಕ್ಷೆ. ಅಂಡಾಣು ಹೊರಬಂದಿತೋ ಇಲ್ಲವೋ ಎಂದು ತಿಳಿಯಲು ಇದನ್ನು "21ನೇ ದಿನ" ಮಾಡಿಸುವುದು ರೂಢಿ. ನಿಜವಾಗಿ ಇದನ್ನು ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಮಾಡಿಸಬೇಕು. ಚಕ್ರ 35 ದಿನದ್ದಾದರೆ 28ನೇ ದಿನ. ಅಂಥವರು 21ನೇ ದಿನಕ್ಕೆ ರಕ್ತ ಕೊಟ್ಟರೆ, ಅಂಡಾಣು ಆ ಹೊತ್ತಿಗಷ್ಟೇ ಬರುತ್ತಿರುವುದರಿಂದ ವರದಿ ಕಡಿಮೆ ತೋರಿಸುತ್ತದೆ, ಆರೋಗ್ಯವಂತ ಹೆಣ್ಣುಮಗಳಿಗೆ ಅಂಡವೇ ಬರುವುದಿಲ್ಲ ಎಂಬ ಪಟ್ಟ ಸಿಗುತ್ತದೆ. ಪ್ರಯೋಗಾಲಯಕ್ಕೆ ಹೋಗುವ ಮೊದಲು ನಿಮ್ಮ ಕ್ಯಾಲೆಂಡರ್ ತೋರಿಸಿ ದಿನ ಕೇಳಿಕೊಳ್ಳಿ.

ಪಿಸಿಒಎಸ್ ಎಂದು ಹೇಳಿದರೆ ಎದೆಗುಂದಬೇಡಿ. ತೂಕ ಹೆಚ್ಚಿದ್ದವರಿಗೆ ಅದರ 5ರಿಂದ 10 ಪ್ರತಿಶತ ಇಳಿದರೂ ಎಷ್ಟೋ ಸಲ ಅಂಡಾಣು ತಾನಾಗಿ ಬರತೊಡಗುತ್ತದೆ. ಬಾರದಿದ್ದರೆ ಲೆಟ್ರೊಜೋಲ್ ಎಂಬ ಗುಳಿಗೆಯಿಂದ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ. ಮದುವೆಯಾಗದ ಹುಡುಗಿಗೆ ಮೂರು ತಿಂಗಳಾದರೂ ಮುಟ್ಟು ಬರದಿದ್ದರೆ ಸುಮ್ಮನೆ ಬಿಡಬಾರದು, ಪ್ರೊಜೆಸ್ಟರಾನ್ ಇಲ್ಲದೆ ಗರ್ಭಕೋಶದ ಪದರ ದಪ್ಪವಾಗುತ್ತಲೇ ಹೋಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಸ್ತ್ರೀರೋಗ ವಿಭಾಗಗಳಲ್ಲಿ ಮೊದಲ ತಪಾಸಣೆ ಮಾಡಿಸಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ನಲವತ್ತರ ಆಚೆ

ರಾಣೇಬೆನ್ನೂರು ತಾಲ್ಲೂಕಿನ ತಾಂಡಾಗಳ ಹೆಣ್ಣುಮಕ್ಕಳು ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ವರ್ಷಗಟ್ಟಲೆ ಹೋರಾಡಿದ್ದಾರೆ. ಹೊಟ್ಟೆನೋವು, ಬಿಳಿಸೆರಗು, ಹೆಚ್ಚಿನ ಸ್ರಾವ ಎಂದು ಹೋದವರು ಅವರು. ಅಂಡಾಶಯವನ್ನೂ ಸೇರಿಸಿ ತೆಗೆದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ಬತ್ತುತ್ತದೆ. ಮೈಯಲ್ಲಿ ಬಿಸಿಯ ಅಲೆ, ನಿದ್ದೆಗೇಡು, ಮೂಳೆ ಸವೆತ ಮೂವತ್ತರ ಹರೆಯದಲ್ಲೇ ಶುರುವಾಗುತ್ತದೆ. ಕೂಲಿಯನ್ನೇ ನಂಬಿದ ದೇಹಕ್ಕೆ ಅದು ಎಂಥ ಹೊಡೆತ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಯಾರಾದರೂ "ಚೀಲ ತೆಗೆಸಿಬಿಡಿ" ಎಂದರೆ ಇಷ್ಟನ್ನು ಕೇಳಿ: ಸ್ಕ್ಯಾನಿಂಗ್‌ನಲ್ಲಿ ಏನಿದೆ? ಒಳಪದರದ ತುಣುಕನ್ನು ಪರೀಕ್ಷೆಗೆ ಕಳುಹಿಸಿದ್ದೀರಾ? ಗುಳಿಗೆಯಿಂದ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನದಿಂದ ಸ್ರಾವ ಹತೋಟಿಗೆ ಬರುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು ನಿಮಗಿದೆ. ತುರ್ತು ಇಲ್ಲದಿದ್ದರೆ ವಾರ ಕಾಯುವುದರಿಂದ ಏನೂ ಕೆಡುವುದಿಲ್ಲ.

ನಲವತ್ತೈದರ ಸುಮಾರಿಗೆ ಚಕ್ರ ಏರುಪೇರಾದರೂ ಅಂಡಾಣು ಆಗೊಮ್ಮೆ ಈಗೊಮ್ಮೆ ಬರುತ್ತಿರುತ್ತದೆ. ಐವತ್ತರೊಳಗೆ ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತು ದಾಟಿದವರು ಒಂದು ವರ್ಷ ಗರ್ಭನಿರೋಧಕ ಬಿಡಬಾರದು. ಈ ವಯಸ್ಸಿನಲ್ಲೂ ಕ್ಯಾಲೆಂಡರಿನ ಗುರುತು ನಿಲ್ಲಿಸಬೇಡಿ. ಪೂರ್ತಿ ಒಂದು ವರ್ಷ ಮುಟ್ಟಿಲ್ಲದೆ ಕಳೆದ ನಂತರ ಒಂದು ಹನಿ ರಕ್ತ ಕಂಡರೂ, ಅದನ್ನು ಮರಳಿ ಬಂದ ಮುಟ್ಟು ಎಂದುಕೊಳ್ಳದೆ ಆ ವಾರವೇ ಸ್ತ್ರೀರೋಗ ವೈದ್ಯರಿಗೆ ತೋರಿಸಿ.